ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು?

ಹೆಮ್ಮರಗಾಲದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ



ಸಂತಾನ ವೇಣುಗೋಪಾಲಸ್ವಾಮಿಯ ಊರಿನಲ್ಲಿ ನಿಂತು ಮಾತನಾಡುತ್ತಿದ್ದೇನೆ. ಮಕ್ಕಳಿಲ್ಲದ ದಂಪತಿಗಳು ಎಲ್ಲೆಲ್ಲಿಂದಲೋ ಬಂದು ಇಲ್ಲಿ ಹರಕೆ ಹೊರುತ್ತಾರೆ. ಅವರ ಬೇಡಿಕೆ ಚೊಕ್ಕವಾದ ಕನ್ನಡದಲ್ಲಿರುತ್ತದೆ: “ನಮಗೊಂದು ಕೂಸು ಕೊಡಪ್ಪ.” ಕೇಳುವವರು ಯಾರು, ಕೊಡಬೇಕಾದವನು ಯಾರು, ಬೇಕಾದದ್ದೇನು, ಮೂರೂ ಅದರಲ್ಲಿವೆ. ಕೂಸು ಹುಟ್ಟಿ, ಬೆಳೆದು, ನಂಜನಗೂಡಿನ ಕಾರ್ಖಾನೆಗೆ ಸೇರಿದ ಮೇಲೆ ಅದೇ ತಾಯಿ ಇನ್ನೊಂದು ಹರಕೆ ಹೊರುತ್ತಾಳೆ: “ನನ್ನ ಮಗ ಪರ್ಮನೆಂಟ್ ಆಗಲಿ.” ಈ ಎರಡನೆಯ ಹರಕೆಯಲ್ಲಿ ಕೊಡಬೇಕಾದವನು ಬಿಟ್ಟುಹೋಗಿದ್ದಾನೆ. ‘ಆಗಲಿ’ ಎನ್ನುತ್ತಾಳೆಯೇ ಹೊರತು ‘ಮಾಡಲಿ’ ಎನ್ನುವುದಿಲ್ಲ.

ನಾನು ಇಂದು ಹೇಳಬೇಕೆಂದಿರುವುದು ಈ ‘ಆಗಲಿ’ಯ ವಿಚಾರ. ಜನರ ಮನಸ್ಸು ಹೇಗಿದೆ ಎಂದು ತಿಳಿಯಲು ದೊಡ್ಡ ಪುಸ್ತಕಗಳನ್ನು ತೆರೆಯಬೇಕಾಗಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ, ಶಿಫ್ಟು ಬಿಡುವ ಹೊತ್ತಿನಲ್ಲಿ ಗೇಟಿನ ಮುಂದೆ ಓಡಾಡುವ ಮಾತುಗಳನ್ನು ಕೇಳಿದರೆ ಸಾಕು. ಆ ಮಾತುಗಳಲ್ಲಿ ಎಷ್ಟೋ ಇಂಗ್ಲಿಷ್ ಮಾತುಗಳು. ಟೆನ್ಷನ್, ಅಡ್ಜಸ್ಟ್, ಸರ್ವರ್ ಡೌನ್. ಶಾಲೆಯ ಮೆಟ್ಟಿಲು ಹತ್ತದವರೂ ಅವನ್ನು ಆಡುತ್ತಾರೆ.

ಆಡಬಾರದು ಎಂದು ನಾನು ಹೇಳುವುದಿಲ್ಲ. ಲೋಹಿಯಾ ಅವರು ಇಂಗ್ಲಿಷ್ ತೊಲಗಲಿ ಎಂದದ್ದು ಆಡಳಿತದಿಂದ, ನ್ಯಾಯಾಲಯದಿಂದ. ದುಡಿಯುವವನ ಬಾಯಲ್ಲಿ ಸವೆದು ಕನ್ನಡವೇ ಆಗಿಹೋದ ಮಾತಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ನನ್ನ ಪ್ರಶ್ನೆ ಇಷ್ಟೇ: ಈ ಮಾತು ನಮ್ಮ ಕೆಲಸ ಮಾಡುತ್ತಿದೆಯೋ, ಅಥವಾ ಮಾಲೀಕನ ಕೆಲಸ ಮಾಡುತ್ತಿದೆಯೋ?

ನಮ್ಮ ಹಿರಿಯರೂ ಇಂಗ್ಲಿಷ್ ಮಾತುಗಳನ್ನು ಆಡಿದರು. 1928ರಲ್ಲಿ ‘ಸೈಮನ್ ಗೋ ಬ್ಯಾಕ್’ ಎಂದರು. 1942ರಲ್ಲಿ ‘ಕ್ವಿಟ್ ಇಂಡಿಯಾ’ ಎಂದರು. ಎರಡನ್ನೂ ಕಟ್ಟಿಕೊಟ್ಟವರು ಸಮಾಜವಾದಿ ನಾಯಕ ಯೂಸುಫ್ ಮೆಹೆರಲಿ ಎಂದು ಹೇಳುತ್ತಾರೆ. ಆ ಮಾತುಗಳು ಬ್ರಿಟಿಷರ ಮುಖಕ್ಕೆ ನೇರವಾಗಿ ಹೇಳಿದವು. ತೊಲಗಬೇಕಾದವನು ಯಾರೆಂಬ ಅನುಮಾನ ಯಾರಿಗೂ ಇರಲಿಲ್ಲ.

‘ಬಾಯ್ಕಾಟ್’ ಎಂಬ ಮಾತನ್ನು ನೋಡಿ. ಅದು ಒಬ್ಬ ಮನುಷ್ಯನ ಹೆಸರು. 1880ರಲ್ಲಿ ಐರ್ಲೆಂಡಿನಲ್ಲಿ ಜಮೀನುದಾರನೊಬ್ಬನ ಏಜೆಂಟನಾಗಿದ್ದ ಕ್ಯಾಪ್ಟನ್ ಬಾಯ್ಕಾಟ್ ಗೇಣಿದಾರರನ್ನು ಒಕ್ಕಲೆಬ್ಬಿಸಲು ಹೊರಟಾಗ, ಕೂಲಿಗಾರರು ಅವನ ಕೊಯ್ಲಿಗೆ ಹೋಗಲಿಲ್ಲ. ಅಂಗಡಿಯವರು ಅವನಿಗೆ ಸಾಮಾನು ಮಾರಲಿಲ್ಲ. ಕೂಲಿಯವನೂ ಅಂಗಡಿಯವನೂ ಕೈಜೋಡಿಸಿದ್ದರಿಂದ ಪ್ರಪಂಚಕ್ಕೆ ಒಂದು ಹೊಸ ಶಬ್ದ ಸಿಕ್ಕಿತು. ಇದನ್ನು ನೆನಪಿನಲ್ಲಿಡಿ, ಮುಂದೆ ಇದಕ್ಕೆ ಬರುತ್ತೇನೆ.

ಈಗ ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚಿಯಲ್ಲಿ ‘ಲಾಕ್‌ಡೌನ್’ ಎಂಬ ಮಾತು ಒಂದೇ ರಾತ್ರಿಯಲ್ಲಿ ಎಲ್ಲ ಊರನ್ನೂ ತಲುಪಿತು. ಅದೇ ತಿಂಗಳ ಕೊನೆಯಲ್ಲಿ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಹಬ್ಬಿತು. ನಿನ್ನೆಯವರೆಗೆ ನೌಕರನಾಗಿದ್ದವನು ‘ಪ್ರೈಮರಿ ಕಾಂಟ್ಯಾಕ್ಟ್’ ಆದನು. ‘ಸೋಷಿಯಲ್ ಡಿಸ್ಟೆನ್ಸ್’ ಎಂಬ ಮಾತೂ ಬಂತು. ದೂರ ನಿಲ್ಲಿ ಎಂದಿದ್ದರೆ ಸಾಕಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೇ ಆ ಮಾತು ಬೇಡ, ದೈಹಿಕ ಅಂತರ ಎನ್ನಿ ಎಂದು ತಿದ್ದಿತು. ಆದರೂ ‘ಸಾಮಾಜಿಕ ಅಂತರ’ ಎಂಬ ಫಲಕ ಊರೂರಿನಲ್ಲೂ ನಿಂತಿತು. ಸಾವಿರಾರು ವರ್ಷ ಒಂದು ಜನವನ್ನು ಕೇರಿಯಾಚೆ ನಿಲ್ಲಿಸಿದ ದೇಶದಲ್ಲಿ ಆ ಫಲಕವನ್ನು ಓದಿದಾಗ ಹೊಟ್ಟೆಯಲ್ಲಿ ಏನಾಗುತ್ತದೆಂಬುದನ್ನು ಕೇರಿಯವರನ್ನೇ ಕೇಳಬೇಕು.

ಆದರೆ ಜನರು ಎಲ್ಲ ಮಾತನ್ನೂ ಕೊಟ್ಟ ಹಾಗೆಯೇ ತೆಗೆದುಕೊಳ್ಳುತ್ತಾರೆಂದು ತಿಳಿಯಬೇಡಿ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ನೂರಕ್ಕೆ 86ರಷ್ಟು ಆ ನೋಟುಗಳೇ. ಸರ್ಕಾರ ಅದನ್ನು ‘ಡೀಮಾನಿಟೈಸೇಷನ್’ ಎಂದಿತು. ಬಾಳೆಹಣ್ಣು ಮಾರುವವಳು ಆ ಉದ್ದದ ಮಾತನ್ನು ಆಚೆಗಿಟ್ಟು ‘ನೋಟ್ ಬ್ಯಾನ್’ ಎಂದಳು. ಎರಡೂ ಇಂಗ್ಲಿಷೇ. ಮೊದಲನೆಯದು ಏನೋ ಶಾಸ್ತ್ರೋಕ್ತ ಕಾರ್ಯ ನಡೆದಂತೆ ಕೇಳಿಸುತ್ತದೆ. ಬ್ಯಾನ್ ಎಂದ ಕೂಡಲೇ, ಯಾರೋ ಮಾಡಿದ್ದಾರೆ ಎಂದು ತಿಳಿಯುತ್ತದೆ. ಆ ಹೆಣ್ಣುಮಗಳಿಗೆ ನನ್ನ ನಮಸ್ಕಾರ.

ಇನ್ನು ನಮ್ಮ ನಿತ್ಯದ ಮಾತು: “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕುಳಿತಾಗ ಇದು ಬಲು ಸೊಗಸಾದ ಮಾತು. ಸರಿದು ಜಾಗ ಕೊಡುವವನೂ ಬಡವ, ಕೂರುವವನೂ ಬಡವ. ನಾಳೆ ಅವನು ನನಗೆ ಸರಿದುಕೊಳ್ಳುತ್ತಾನೆ. ಇದನ್ನೇ ಸೋದರಭಾವ ಎನ್ನುವುದು.

ಇದೇ ಮಾತು ಕಾರ್ಖಾನೆಯ ಗೇಟಿಗೆ ಹೋದಾಗ ಏನಾಗುತ್ತದೆ? ಸಂಬಳ ತಡವಾಯಿತೆನ್ನಿ. ಕಂಪನಿ ಗುತ್ತಿಗೆದಾರನಿಗೆ ಬಿಲ್ ಕೊಟ್ಟಿಲ್ಲ. ಗುತ್ತಿಗೆದಾರ ಕೆಲಸಗಾರನಿಗೆ, “ಈ ತಿಂಗಳು ಅಡ್ಜಸ್ಟ್ ಮಾಡ್ಕೋಪ್ಪ” ಎನ್ನುತ್ತಾನೆ. ಕೆಲಸಗಾರ ದಿನಸಿ ಅಂಗಡಿಗೆ ಹೋಗಿ, “ಅಣ್ಣ, ಹತ್ತು ದಿನ ಅಡ್ಜಸ್ಟ್ ಮಾಡ್ಕೊಳ್ಳಿ” ಎನ್ನುತ್ತಾನೆ. ಅಂಗಡಿಯವನು ಸಾಲದ ಪುಸ್ತಕದಲ್ಲಿ ಇನ್ನೊಂದು ಗೆರೆ ಬರೆದುಕೊಳ್ಳುತ್ತಾನೆ. ಅವನು ಸಗಟು ವ್ಯಾಪಾರಿಯ ಹತ್ತಿರ ಹೋಗಿ ಅದೇ ಮಾತನ್ನಾಡಿದರೆ, ಬಡ್ಡಿ ಹಾಕುತ್ತಾರೆ. ನೀರಿನ ಹಾಗೆ ಈ ಮಾತು ತಗ್ಗಿಗೇ ಹರಿಯುತ್ತದೆ, ಏರಿಗೆ ಹತ್ತುವುದಿಲ್ಲ. ಕಡೆಗೆ ಕೆಲಸಗಾರ ಅಂಗಡಿಯವನನ್ನು ಜಿಪುಣನೆನ್ನುತ್ತಾನೆ, ಅಂಗಡಿಯವನು ಕೆಲಸಗಾರನನ್ನು ಸಾಲಗಾರನೆನ್ನುತ್ತಾನೆ. ಇಬ್ಬರಿಗೂ ಟೆನ್ಷನ್. ತಡಮಾಡಿದವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಮಾತಿನಲ್ಲಿ ಮರೆತ ಹೆಸರು ಕಾನೂನಿನಲ್ಲಿದೆ. 1936ರ ವೇತನ ಪಾವತಿ ಕಾಯಿದೆಯೇ, ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ 7 ದಿನಗಳೊಳಗೆ ಸಂಬಳ ಕೊಡಬೇಕೆಂದು ಬರೆಯಿತು. 2019ರ ವೇತನ ಸಂಹಿತೆಯೂ ತಿಂಗಳ ಸಂಬಳಕ್ಕೆ ಮುಂದಿನ ತಿಂಗಳ 7ನೇ ದಿನದ ಗೆರೆಯನ್ನೇ ಎಳೆದಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ, ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದಿತು. ‘ಸಂಬಳ ಲೇಟಾಯಿತು’ ಎಂದು ಕಾನೂನು ಹೇಳಲಿಲ್ಲ. ‘ನೀನು ಕೊಡಬೇಕು’ ಎಂದಿತು. ನಾವೂ ಹಾಗೆಯೇ ಹೇಳುವುದನ್ನು ಕಲಿಯಬೇಕು.

ಒಂದು ಮಾತಿನ ಅಳತೆ ಕೇಳಿದ್ದರಿಂದ ಏನಾಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ದೃಷ್ಟಾಂತವಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ ಜಗಳ ಕೊಳಗದ್ದು. ಕೊಳಗ ಎಂಬ ಮಾತು ಎಲ್ಲರಿಗೂ ಒಂದೇ. ಆದರೆ ಗೇಣಿ ಅಳೆಯುವಾಗ ಒಡೆಯರು ಹಿಡಿಯುತ್ತಿದ್ದ ಕೊಳಗ ದೊಡ್ಡದು. ‘ಕೊಳಗವೆಂದರೆ ಎಷ್ಟು ಸೇರು?’ ಎಂದು ರೈತ ಕೇಳಿದ. ಆ ಒಂದು ಪ್ರಶ್ನೆ ಸತ್ಯಾಗ್ರಹವಾಯಿತು. ಶಾಂತವೇರಿ ಗೋಪಾಲಗೌಡರು ಅದಕ್ಕೆ ಹೆಗಲು ಕೊಟ್ಟರು, ಲೋಹಿಯಾ ಅವರೇ ಬಂದು ಸೆರೆಯಾದರು. ಅಡ್ಜಸ್ಟ್ ಎಂಬುದು ಇಂದಿನ ಕೊಳಗ. ಒಡೆಯನ ಕೈಯಲ್ಲಿ ಅದರ ಗಾತ್ರ ಬೇರೆ, ನಮ್ಮ ಕೈಯಲ್ಲಿ ಬೇರೆ.

ಆದುದರಿಂದ ನನ್ನ ಅರಿಕೆ ಸಣ್ಣದು. ನ್ಯಾಯಬೆಲೆ ಅಂಗಡಿಯಲ್ಲಿ ‘ಸರ್ವರ್ ಡೌನ್’ ಎಂದರೆ ಸುಮ್ಮನೆ ಚೀಲ ಮಡಿಸಿ ಹಿಂದಿರುಗಬೇಡಿ. ಎಂದಿನಿಂದ, ಸರಿಪಡಿಸಬೇಕಾದವರು ಯಾರು ಎಂದು ಕೇಳಿ, ತಾರೀಖು ಹಾಕಿ ಬರೆದುಕೊಳ್ಳಿ. ಅಡ್ಜಸ್ಟ್ ಮಾಡಿಕೋ ಎಂದವನನ್ನು, ‘ನೀನೆಷ್ಟು ಮಾಡಿಕೊಂಡೆ?’ ಎಂದು ಕೇಳಿ. ಸಂಬಳ ತಡವಾದ ತಿಂಗಳು ಅಂಗಡಿಯವನೂ ಕೆಲಸಗಾರನೂ ಒಬ್ಬರನ್ನೊಬ್ಬರು ದೂರದೆ, ಸಾಲದ ಪುಸ್ತಕವನ್ನು ಜೊತೆಗಿಟ್ಟುಕೊಂಡು ಇಬ್ಬರೂ ಒಟ್ಟಿಗೆ ಗೇಟಿಗೆ ಹೋಗಲಿ. ಐರ್ಲೆಂಡಿನ ಬಡವರು ಮಾಡಿದ್ದೂ ಇದೇ ಕೂಟ.

ವೇಣುಗೋಪಾಲನ ಮುಂದೆ ನಿಂತ ತಾಯಿ ಕೂಸನ್ನು ದೇವರ ಹತ್ತಿರ ಕೇಳಲಿ. ಮಗನ ನೌಕರಿಯನ್ನು ಮಾತ್ರ ಕೊಡಬೇಕಾದವನ ಹತ್ತಿರವೇ, ಹೆಸರು ಹಿಡಿದು ಕೇಳಲಿ. ಇಷ್ಟು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.