ಎರಡೂವರೆ ಅಡಿ ಕೊಳವೆ

ಎರಡೂವರೆ ಅಡಿ ಉದ್ದದ ಒಂದು ರಬ್ಬರ್ ಕೊಳವೆಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವಿಷಯ ಅಲ್ಪವೆಂದು ತೋರಬಹುದು. ಅಡುಗೆಮನೆಯ ಗ್ಯಾಸಿನ ಕೊಳವೆಯನ್ನು ಬದಲಾಯಿಸುವಾಗ ನಾವು ಎಷ್ಟು ಯೋಚಿಸುತ್ತೇವೆಯೋ ಅಷ್ಟೇ ಯೋಚಿಸಿ ನಾನೂ ಒಮ್ಮೆ ಅಂಥದೊಂದನ್ನು ಕೊಂಡೆ. ಅದರ ಫಲವನ್ನು ಸಮುದ್ರದೊಳಗೆ ಉಂಡೆ.

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಆರ್ಕ್ನಿ ಎಂಬ ದ್ವೀಪಗಳ ಗುಂಪಿದೆ. ಆ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ವಿಶಾಲವಾದ ಸಹಜ ಬಂದರು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಅಲ್ಲಿ ಸೆರೆಯಿರಿಸಿದ್ದ ಜರ್ಮನ್ ನೌಕಾಪಡೆಯನ್ನು 1919ರ ಜೂನ್ 21ರಂದು ಅದರ ನಾವಿಕರೇ ಮುಳುಗಿಸಿಬಿಟ್ಟರು. 74 ಹಡಗುಗಳಲ್ಲಿ 52 ನೀರಿನ ಪಾಲಾದವು. ಹೆಚ್ಚಿನವನ್ನು ಮುಂದೆ ಮೇಲೆತ್ತಿ ಗುಜರಿಗೆ ಹಾಕಿದರು. ಏಳು ದೊಡ್ಡ ಹಡಗುಗಳು ಮಾತ್ರ ಇಂದಿಗೂ ಆ ಕತ್ತಲಲ್ಲಿ ಮಲಗಿವೆ. ಉದ್ಯೋಗದ ನಿಮಿತ್ತ ನಾನು ಕೆಲವು ವರ್ಷ ಅಬರ್ಡೀನ್ ನಗರದಲ್ಲಿದ್ದಾಗ, ಅವನ್ನು ಕಣ್ಣಾರೆ ಕಾಣುವ ಹುಚ್ಚು ನನಗೂ ಹತ್ತಿತು.

ವಸಂತದಲ್ಲಿ ಅಲ್ಲಿಯ ನೀರು ಏಳೆಂಟು ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಮುಳುಗುವವರು ಡ್ರೈಸೂಟ್ ಎಂಬ ಉಡುಪನ್ನು ತೊಡುತ್ತಾರೆ. ಕತ್ತಿನಲ್ಲಿಯೂ ಮಣಿಕಟ್ಟಿನಲ್ಲಿಯೂ ಬಿಗಿಯಾದ ರಬ್ಬರ್ ಪಟ್ಟಿಗಳಿರುವುದರಿಂದ ನೀರು ಒಳನುಗ್ಗದು. ಒಳಗೆ ದಪ್ಪನೆಯ ಬೆಚ್ಚನೆಯ ಬಟ್ಟೆ. ನಿಜವಾಗಿ ಮೈಯನ್ನು ಕಾಯುವುದು ಬಟ್ಟೆಯಲ್ಲ, ಅದರ ಎಳೆಗಳ ನಡುವೆ ನಿಂತ ಗಾಳಿ. ತೊಡಕಿರುವುದೂ ಆ ಗಾಳಿಯಲ್ಲೇ. ಹತ್ತು ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗಿ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮೂವತ್ತು ಮೀಟರಿನಲ್ಲಿ ಕಾಲುಭಾಗ ಉಳಿಯುತ್ತದೆ. ಆಗ ಉಡುಪಿನ ಮಡಿಕೆಗಳು ಚರ್ಮವನ್ನು ಕಚ್ಚಿ ಹಿಂಡತೊಡಗುತ್ತವೆ. ಇದನ್ನು ತಪ್ಪಿಸಲು ಎದೆಯ ಮೇಲಿನ ವಾಲ್ವಿನ ಗುಂಡಿಯನ್ನೊತ್ತಿ ಒಳಕ್ಕೆ ಗಾಳಿ ಬಿಟ್ಟುಕೊಳ್ಳಬೇಕು; ಮೇಲೇರುವಾಗ ಹಿಗ್ಗುವ ಗಾಳಿಯನ್ನು ಎಡತೋಳಿನ ವಾಲ್ವಿನಿಂದ ಹೊರಬಿಡಬೇಕು. ಬೆನ್ನ ಮೇಲಿನ ಸಿಲಿಂಡರಿನಲ್ಲಿ 200 ಬಾರ್ ಅಥವಾ ಅದಕ್ಕೂ ಮಿಗಿಲಾದ ಒತ್ತಡವಿರುತ್ತದೆ. ರೆಗ್ಯುಲೇಟರು ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಹೆಚ್ಚಿರುವಷ್ಟಕ್ಕೆ ಇಳಿಸಿ ಕೊಡುತ್ತದೆ. ಅಲ್ಲಿಂದ ಎದೆಯವರೆಗೆ ಗಾಳಿಯನ್ನು ತರುವುದೇ ನಮ್ಮ ಕೊಳವೆ.

ಇದಕ್ಕೆ ಒಬ್ಬ ಹಿರಿಯನುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಆಗಸ್ಟಸ್ ಸೀಬೆ ರೂಪಿಸಿದ ತಾಮ್ರದ ಶಿರಸ್ತ್ರಾಣದ ಉಡುಪಿಗೆ ಗಾಳಿ ದೋಣಿಯ ಮೇಲಿನ ಪಂಪಿನಿಂದ ಉದ್ದನೆಯ ಕೊಳವೆಯಲ್ಲಿ ಇಳಿದು ಬರುತ್ತಿತ್ತು. ಆ ಕೊಳವೆ ಮೇಲೆಲ್ಲೋ ಒಡೆದರೆ ಶಿರಸ್ತ್ರಾಣದ ಗಾಳಿಯೆಲ್ಲ ಹಿಂದಕ್ಕೆ ನುಗ್ಗಿಹೋಗಿ, ನೀರಿನ ಭಾರ ಆಳನ್ನು ಹಿಸುಕಿಬಿಡುತ್ತಿತ್ತು. ಅದಕ್ಕಾಗಿ ಗಾಳಿ ಒಳಬಂದು ಹಿಂದಿರುಗದಂತೆ ತಡೆಯುವ ವಾಲ್ವನ್ನು ಶಿರಸ್ತ್ರಾಣದ ಬಳಿಯೇ ಇಟ್ಟರು. ಅವರಿಗೆ ಭಯ ಗಾಳಿ ನಿಂತುಹೋಗುವುದು. ನಮ್ಮ ಭಯ ತಿರುಗುಮುರುಗು: ಗಾಳಿ ನಿಲ್ಲದಿರುವುದು.

ಆ ಏಪ್ರಿಲ್ ತಿಂಗಳಲ್ಲಿ ನನ್ನ ಹಳೆಯ ಕೊಳವೆಯ ತುದಿಯಲ್ಲಿ, ಲೋಹದ ಬಳೆ ರಬ್ಬರನ್ನು ಹಿಡಿಯುವ ಕಡೆ, ಕೂದಲೆಳೆಯಂಥ ಬಿರುಕುಗಳು ಕಂಡವು. ಅಲ್ಲಿ ಒಂದು ರಬ್ಬರ್ ತೊಡುಗೆ ಹಾಕಿರುತ್ತಾರೆ. ಅದನ್ನು ಸರಿಸಿ ನೋಡದವನಿಗೆ ಬಿರುಕು ಕಾಣುವುದೇ ಇಲ್ಲ. ನಾನು ಅಂಗಡಿಗೆ ಹೋದೆ, ಉದ್ದ ಹೇಳಿದೆ, ಬೆಲೆ ಕೇಳಿದೆ, ತಂದೆ. ಅದು ತೆಳ್ಳಗೆ, ಹಗುರವಾಗಿ, ನೋಡಲು ಲಕ್ಷಣವಾಗಿತ್ತು. ವಾಲ್ವಿನ ತುದಿಗೆ ಟಕ್ಕೆಂದು ಕೂತಿತು. ಕೂತದ್ದೇ ಸಾಕೆಂದುಕೊಂಡೆ.

ಇಪ್ಪತ್ತೆರಡು ಮೀಟರಿನಲ್ಲಿ ನಾನೊತ್ತಿದ ಗುಂಡಿ ಹಿಂದಕ್ಕೆ ಬರಲಿಲ್ಲ. ಹಿಂದಿನ ವಾರ ಸಿಹಿನೀರಿನಲ್ಲಿ ತೊಳೆಯದೆ ಬಿಟ್ಟಿದ್ದೆ, ಉಪ್ಪು ಕಟ್ಟಿತ್ತು. ಉಡುಪು ಉಬ್ಬತೊಡಗಿತು, ಮೈ ಮೇಲಕ್ಕೇರತೊಡಗಿತು. ಏರಿದಷ್ಟೂ ಒಳಗಿನ ಗಾಳಿ ತಾನಾಗಿಯೂ ಹಿಗ್ಗುತ್ತದೆ. ಹಿಗ್ಗಿದಷ್ಟೂ ಏರುವ ವೇಗ ಹೆಚ್ಚುತ್ತದೆ. ಹಾಗೆ ಬಾಣದಂತೆ ಮೇಲೆ ಬಂದವನ ಶ್ವಾಸಕೋಶ ಹರಿಯಬಹುದು, ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳಬಹುದು. ಎಡತೋಳನ್ನೆತ್ತಿ ಗಾಳಿ ಬಿಟ್ಟೆ. ಉಸಿರನ್ನು ಹಿಡಿಯದೆ ಹೊರಹಾಕುತ್ತಲೇ ಇದ್ದೆ. ಬಲಗೈಯಿಂದ ಕೊಂಡಿಯ ಉಂಗುರವನ್ನು ಹಿಂದಕ್ಕೆಳೆದೆ. ಅದು ಕಿರಿದಾದ, ನುಣುಪಾದ ಉಂಗುರ. ದಪ್ಪ ಕೈಚೀಲದ ಬೆರಳುಗಳು ಸಾಬೂನಿನ ಮೇಲೆ ಜಾರಿದಂತೆ ಜಾರಿದವು. ಎರಡನೆಯ ಸಲವೂ ಜಾರಿದವು. ಮೂರನೆಯ ಸಲ ಕೊಂಡಿ ಕಳಚಿತು. ಆಳಮಾಪಕದಲ್ಲಿ 14 ಮೀಟರ್ ಎಂದಿತ್ತು. ನನ್ನ ಕಾಲನ್ನು ಜೊತೆಗಾರ ಬಿಗಿಯಾಗಿ ಹಿಡಿದಿದ್ದ. ದೋಣಿ ಹತ್ತಿದ ಮೇಲೆ ಆತ ಕೊಳವೆಯನ್ನೆತ್ತಿ ನೋಡಿ, ಇದನ್ನು ಆರಿಸಿದವರು ಯಾರು ಎಂದಷ್ಟೇ ಕೇಳಿದ. ನಾನೇ ಎಂದೆ.

ಅಂದಿನಿಂದ ನನ್ನ ಆಯ್ಕೆ ಕೊಂಡಿಯಿಂದಲೇ ಆರಂಭ. ಈ ಕೊಂಡಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ತೇಲುಚೀಲಕ್ಕೆ ಗಾಳಿ ತುಂಬುವ ಕೊಳವೆಯಲ್ಲೂ ಇರುವಂಥದು. ಮೋಟಾರಿನ ಟೈರಿನಲ್ಲಿರುವಂಥ ಪುಟ್ಟ ವಾಲ್ವು ಅದರ ಗಂಟಲಲ್ಲಿ ಕೂತಿರುವುದರಿಂದ ಗಾಳಿ ನಿಧಾನವಾಗಿ ಹರಿಯುತ್ತದೆ. ಇನ್ನೊಂದು ಸ್ವೀಡನ್ ಮೂಲದ ಅಗಲಬಾಯಿಯ ಕೊಂಡಿ. ಇದರಲ್ಲಿ ಗಾಳಿ ರಭಸದಿಂದ ಬರುತ್ತದೆ. ಒಂದರ ಕೊಳವೆ ಇನ್ನೊಂದರ ವಾಲ್ವಿಗೆ ಕೂರದು. ಬೇಗ ತುಂಬುವುದು ಒಳ್ಳೆಯದೆಂದು ಅಗಲದ್ದನ್ನು ಮೆಚ್ಚುವವರುಂಟು. ಗುಂಡಿ ಸಿಕ್ಕಿಕೊಂಡಾಗ ಕೆಡುಕೂ ಅಷ್ಟೇ ಬೇಗ ತುಂಬುತ್ತದೆಂಬುದನ್ನು ನಾನು ಮರೆಯಲಾರೆ. ಯಾವ ಜಾತಿಯದಾದರೂ ಸರಿಯೆ, ಉಂಗುರ ಅಗಲವಾಗಿ, ಒರಟು ಗೆರೆಗಳಿಂದ ಕೂಡಿರಬೇಕು. ಅಂಗಡಿಗೆ ನನ್ನ ಕೈಚೀಲಗಳನ್ನೂ ಒಯ್ಯುತ್ತೇನೆ. ಅಂಗಡಿಯವರು ನಗುತ್ತಾರೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ರೆಗ್ಯುಲೇಟರಿನ ಕಡಿಮೆ ಒತ್ತಡದ ರಂಧ್ರದ ತಿರುಪು ಸಾಮಾನ್ಯವಾಗಿ 3/8 ಇಂಚಿನದು, ಹೆಚ್ಚು ಒತ್ತಡದ್ದು 7/16 ಇಂಚಿನದು. ಅದಲುಬದಲಾಗದಿರಲೆಂದೇ ಈ ಭೇದ. ಉದ್ದವನ್ನು ಅಳತೆಪಟ್ಟಿಯಿಂದಲ್ಲ, ಮೈಯಿಂದ ಅಳೆಯಬೇಕು: ಎಲ್ಲವನ್ನೂ ತೊಟ್ಟು, ಎಡ ಕಂಕುಳಡಿಯಿಂದ ಕೊಳವೆಯನ್ನು ತಂದು, ಬಾಗಿ, ತೋಳೆತ್ತಿ, ತಿರುಗಿ ನೋಡಬೇಕು. ಗಿಡ್ಡವಾದರೆ ವಾಲ್ವನ್ನು ಜಗ್ಗುತ್ತದೆ. ಉದ್ದವಾದರೆ ಹಡಗಿನ ತುಕ್ಕುಕಂಬಿಗೆ ಕುಣಿಕೆಯಾಗುತ್ತದೆ. ಎರಡು ರೆಗ್ಯುಲೇಟರು ಇರುವವರು ಉಡುಪಿನ ಕೊಳವೆಯನ್ನು ಒಂದಕ್ಕೆ, ತೇಲುಚೀಲದ್ದನ್ನು ಇನ್ನೊಂದಕ್ಕೆ ಕೊಡುವುದು ಕ್ಷೇಮ. ಒಂದು ಕೆಟ್ಟರೂ ತೇಲುವ ಉಪಾಯ ಇನ್ನೊಂದು ಉಳಿಯುತ್ತದೆ. ಹೆಣಿಗೆಯ ಹೊದಿಕೆಯುಳ್ಳ ಹಗುರ ಕೊಳವೆಗಳು ಚೆನ್ನಾಗಿ ಬಳುಕುತ್ತವೆ, ನಿಜ. ಆದರೆ ಅಂಥ ಕೆಲವದರ ಪ್ಲಾಸ್ಟಿಕ್ ಒಳಗೋಡೆ, ಮುಖ್ಯವಾಗಿ ಬಿಸಿಲಿನ ಸೀಮೆಗಳಲ್ಲಿ, ಶಿಥಿಲವಾಗಿ ಹರಳುಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚಿದ ಪ್ರಸಂಗಗಳು ವರದಿಯಾಗಿವೆ. ರಬ್ಬರಾದರೆ ಬಿರುಕನ್ನು ಹೊರಗೇ ತೋರಿಸುತ್ತದೆ; ನನಗೆ ರಬ್ಬರೇ ಹಿತ.

ಹೊಸ ಕೊಳವೆಯ ಕೊಂಡಿಯನ್ನು, ಕೈಚೀಲ ತೊಟ್ಟು ಕಣ್ಣು ಮುಚ್ಚಿ, ದೋಣಿಯ ಮೇಲೆಯೇ ಮೂರು ಸಲ ಕಳಚಿ ಕೂಡಿಸುತ್ತೇನೆ. ಮೂರು ಸಲವೂ ಮೊದಲ ಎಳೆತಕ್ಕೇ ಬಾರದಿದ್ದರೆ ಅಂದು ನೀರಿಗಿಳಿಯುವುದಿಲ್ಲ. ಮರುವರ್ಷ ಅದೇ ಬಂದರಿನಲ್ಲಿ ಒಂದು ಬೆಳಿಗ್ಗೆ ಹಾಗೆಯೇ ದೋಣಿಯಲ್ಲಿ ಕುಳಿತೆ. ಜೊತೆಗಾರರು ಇಳಿದರು, ಹಡಗು ನೋಡಿ ಬಂದರು, ನಾನು ಅವರಿಗೆ ಚಹಾ ಮಾಡಿಕೊಟ್ಟೆ.