ಆಪರೇಷನ್ ದೊಡ್ಡೂರಲ್ಲಿ, ಆಮೇಲೆ?

ಇವತ್ತಿನ ವಿಷಯ ಕೇಳಿ ರಿಮೋಟ್ ಹುಡುಕಬೇಡಿ. ಹೆಣ್ಣಿನ ದೇಹದಲ್ಲಿ ಹುಟ್ಟಿ ಗಂಡಾಗಿ ಬದುಕುವವರಿದ್ದಾರೆ, ಟ್ರಾನ್ಸ್ ಪುರುಷರು. ಅವರಿಗೆ ಮಾಡುವ ಜನನಾಂಗದ ಶಸ್ತ್ರಚಿಕಿತ್ಸೆ ಬಗ್ಗೆ ಮಾತಾಡ್ತೀನಿ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಜಮಖಂಡಿ, ಮುಧೋಳ, ಬೀಳಗಿ ಜನಕ್ಕೆ ಜೋಗಪ್ಪಗಳು ಹೊಸಬರಲ್ಲ. ಮಂಜಮ್ಮ ಜೋಗತಿಗೆ ಪದ್ಮಶ್ರೀ ಬಂದಾಗ ಚಪ್ಪಾಳೆಯನ್ನೂ ಹೊಡೆದೆವು. ಆದ್ರೆ ಆ ದಡದಿಂದ ಈ ದಡಕ್ಕೆ ಬರುವ ಹುಡುಗರನ್ನ ಕರೆಯೋಕೆ ನಮ್ಮ ಕಡೆ ಒಂದು ಪದವೂ ಇಲ್ಲ.

"ಕೈಯ ಚರ್ಮ ತೆಗೆದು ಅಂಗ ಮಾಡ್ತಾರಂತೆ, ಖರೇನಾ?" ಅಂತ ಕೇಳೋರಿದ್ದಾರೆ. ಖರೆ. ಇದರ ಬೇರು ನಮ್ಮ ನೆಲದಲ್ಲೇ ಇದೆ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪು ಕಡೆಯವರಿಗೆ ಸೆರೆಸಿಕ್ಕು ಮೂಗು ಕಳಕೊಂಡ ಕವಾಸ್‌ಜಿ ಅನ್ನೋ ಗಾಡಿ ಹೊಡೆಯುವವನಿಗೆ ಪುಣೆ ಹತ್ತಿರ ಹಣೆಯ ಚರ್ಮ ತಿರುವಿ ಹೊಸ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಸೂತ್ರ ಒಂದೇ: ಚರ್ಮ ಕದಲಲಿ, ಅದಕ್ಕೆ ರಕ್ತ ತರುವ ದಾರಿ ಕಡಿಯಬಾರದು. ಇದೇ ಸೂತ್ರದ ಮೇಲೆ 1946ರಿಂದ 49ರವರೆಗೆ ಇಂಗ್ಲೆಂಡಿನ ಹೆರಾಲ್ಡ್ ಗಿಲಿಸ್, ಮೈಕೆಲ್ ಡಿಲನ್‌ಗೆ ಹತ್ತಕ್ಕೂ ಹೆಚ್ಚು ಆಪರೇಷನ್ ಮಾಡಿ ಅಂಗ ರೂಪಿಸಿದರು. ಡಿಲನ್ ಸ್ವತಃ ವೈದ್ಯರಾದರು, ಬೌದ್ಧರಾದರು, 1962ರಲ್ಲಿ ನಮ್ಮ ಹಿಮಾಚಲದ ಡಾಲ್‌ಹೌಸಿಯಲ್ಲಿ ತೀರಿಕೊಂಡರು.

ಈಗಿನ ಮುಖ್ಯ ದಾರಿ ಎರಡು. ಒಂದು ಮೆಟಾಯ್ಡಿಯೋಪ್ಲಾಸ್ಟಿ. ಟೆಸ್ಟೋಸ್ಟಿರಾನ್ ತಗೊಂಡಾಗ ಚಂದ್ರನಾಡಿ ಬೆಳೆಯುತ್ತೆ. ಅದನ್ನ ಹಿಡಿದಿಟ್ಟ ತಂತುಗಳನ್ನ ಬಿಡಿಸಿ ಮುಂದೆ ತರ್ತಾರೆ. ಅಂಗ ಚಿಕ್ಕದು, ಸ್ಪರ್ಶಜ್ಞಾನ ಸಾಮಾನ್ಯವಾಗಿ ಉಳಿಯುತ್ತೆ. ಇನ್ನೊಂದು ಫಾಲೋಪ್ಲಾಸ್ಟಿ. ಮುಂಗೈಯ ಚರ್ಮವನ್ನ ಅದರ ರಕ್ತನಾಳ, ನರಗಳ ಸಮೇತ ಎತ್ತಿ, ಕೊಳವೆಯೊಳಗೆ ಕೊಳವೆ ಮಾಡಿ ಕೂರಿಸೋದು. ಮೊದಲು ಎರಡನೇ ರಕ್ತನಾಳ ಒಂದೇ ಕೈಯನ್ನ ಸಾಕಬಲ್ಲದಾ ಅಂತ ಪರೀಕ್ಷೆ ಮಾಡ್ತಾರೆ. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ, ಕೂದಲಿಗಿಂತ ಸಣ್ಣ ದಾರದಲ್ಲಿ ನಾಳಕ್ಕೆ ನಾಳ, ನರಕ್ಕೆ ನರ ಜೋಡಿಸ್ತಾರೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕೂತು ಹರಿದ ಎಳೆ ಕೂಡಿಸಿದವರಿಗೆ ಆ ತಾಳ್ಮೆ ಎಂಥದ್ದು ಅಂತ ನಾನು ಹೇಳಬೇಕಾಗಿಲ್ಲ. ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸ್ಪರ್ಶ ಬರೋಕೆ ತಿಂಗಳುಗಟ್ಟಲೆ ಕಾಯಬೇಕು. ನಿಮಿರುವಿಕೆಗೆ ಬೇಕಾದ ಇಂಪ್ಲಾಂಟ್ ಇನ್ನೂ ಮುಂದಿನ ಹಂತ. "ಒಂದೇ ಆಪರೇಷನ್, ಎಲ್ಲಾ ಮುಗೀತು" ಅಂತ ಏಜೆಂಟ್ ಹೇಳಿದ್ರೆ ಎದ್ದು ಬನ್ನಿ.

ನಾನು ಓದಿದ್ದು ಇಂಜಿನಿಯರಿಂಗ್. ಪೈಪ್ ಸೋರೋದು ಜಾಯಿಂಟಲ್ಲಿ. ಇಲ್ಲೂ ಅಷ್ಟೇ: ಹೊಸ ಮೂತ್ರನಾಳ ಹಳೆಯದಕ್ಕೆ ಸೇರುವ ಕಡೆ ಸೋರಿಕೆ, ಕಟ್ಟಿಕೊಳ್ಳೋದು ಸಾಮಾನ್ಯ ತೊಂದರೆ. ಸರ್ಜನ್ ದೊಡ್ಡೂರಲ್ಲಿ ಇರ್ತಾರೆ, ಹುಡುಗ ಬನಹಟ್ಟಿಗೆ ವಾಪಸ್ ಬಂದಿರ್ತಾನೆ. ರಾತ್ರಿ ಹತ್ತಕ್ಕೆ ಮೂತ್ರ ಕಟ್ಟಿದ್ರೆ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಎಲ್ಲಿಂದ ಶುರು ಮಾಡಬೇಕು? ಹೊಸ ನಾಳದೊಳಗೆ ಕಣ್ಣುಮುಚ್ಚಿ ಕ್ಯಾಥೆಟರ್ ತೂರಿಸೋ ಹಾಗಿಲ್ಲ.

ಕಾನೂನು ಇದನ್ನ ಮರೆತಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇಬೇಕು ಅಂತ ಯಾರನ್ನೂ ಒತ್ತಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಬೇಕು ಅನ್ನೋರಿಗೆ ಸೌಲಭ್ಯ ಕೊಡಿ, ವೈದ್ಯರ ಪಠ್ಯಕ್ರಮವನ್ನೂ ಪರಿಶೀಲಿಸಿ ಅಂತ 2019ರ ಕಾಯ್ದೆಯ 15ನೇ ಸೆಕ್ಷನ್ ಬರೆಯಿತು. 2022ರಲ್ಲಿ ಆಯುಷ್ಮಾನ್ ಅಡಿ ವರ್ಷಕ್ಕೆ 5 ಲಕ್ಷದ ವಿಮೆ ಘೋಷಣೆಯಾಯಿತು. ದುಡ್ಡಿನ ಮಾತು ಆಯ್ತು ಸ್ವಾಮಿ, ಪಠ್ಯದ ಮಾತು? ಡ್ಯೂಟಿ ಡಾಕ್ಟರ್‌ಗೆ ಒಂದು ದಿನದ ತರಬೇತಿ ಕೊಡೋಕೆ ಎಷ್ಟು ಖರ್ಚಾಗುತ್ತೆ?

ಅಲ್ಲಿವರೆಗೆ, ಹೋಗುವವರು ಸರ್ಜನ್‌ಗೆ ಮುಖಾಮುಖಿ ಕೇಳಿ: ಇಂಥದ್ದು ಎಷ್ಟು ಮಾಡಿದ್ದೀರಿ, ಎಷ್ಟು ಜನರಿಗೆ ಸೋರಿತು, ನನಗೆ ಸೋರಿದ್ರೆ ಯಾರ ನಂಬರಿಗೆ ಫೋನ್ ಮಾಡಲಿ. ಯಾವ ನಾಳ ಎಲ್ಲಿಗೆ ಜೋಡಿಸಿದ್ದಾರೆ ಅಂತ ಬರೆದ ಆಪರೇಷನ್ ನೋಟ್ ಇಸ್ಕೊಳ್ಳದೆ ಡಿಸ್ಚಾರ್ಜ್ ಆಗಬೇಡಿ. ಒಂದು ಜೆರಾಕ್ಸ್ ಮನೇಲಿ ಇಡಿ, ಇನ್ನೊಂದನ್ನ ನಿಮ್ಮ ಊರಿನ ಡಾಕ್ಟರ್ ಕೈಗೆ ಕೊಡಿ.