ವ್ರತಸ್ಥರ ಮುಪ್ಪು, ಕಾನೂನಿನ ಕಾವಲು



ಸಂನ್ಯಾಸಿಗೆ ಮುಪ್ಪಿನಲ್ಲಿ ಆಸರೆ ಯಾರು? ಈ ಪ್ರಶ್ನೆ ನಮ್ಮ ಮಠಗಳದು ಮಾತ್ರವಲ್ಲ. ನಾವು ನೆಲೆಸಿರುವ ಅಮೆರಿಕದ ಕ್ಯಾಥೊಲಿಕ್ ಕನ್ಯಾಮಠಗಳದೂ ಹೌದು. ಶಾಲೆ, ಆಸ್ಪತ್ರೆಗಳಲ್ಲಿ ಜೀವಮಾನವಿಡೀ ದುಡಿದ ಧರ್ಮಭಗಿನಿಯರು ಬಡತನದ ವ್ರತ ತೊಟ್ಟವರು. ತಮಗೆಂದು ಕಾಸು ಕೂಡಿಟ್ಟವರಲ್ಲ. ಹಿರಿಯರನ್ನು ಮಠದ ಕಿರಿಯರೇ ನೋಡಿಕೊಳ್ಳುವುದು ವಾಡಿಕೆಯಾಗಿತ್ತು. 1960ರ ದಶಕದ ಬಳಿಕ ಹೊಸದಾಗಿ ಸೇರುವವರು ವಿರಳರಾದರು. ಇಂಥ ಸಂಘಗಳ ಸದಸ್ಯರಿಗೆ ಸೋಷಿಯಲ್ ಸೆಕ್ಯುರಿಟಿಯ ಬಾಗಿಲು ತೆರೆದದ್ದು 1972ರ ತಿದ್ದುಪಡಿಯಿಂದ.

ಮಠದ ಶುಶ್ರೂಷಾಲಯವು ನರ್ಸಿಂಗ್ ಹೋಮಾಗಿ ಮೆಡಿಕೇರ್ ಅಥವಾ ಮೆಡಿಕೇಯ್ಡ್ ಹಣ ಪಡೆಯಬೇಕಾದರೆ 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾಯಿದೆಗೆ ಒಳಪಡಬೇಕು. ಪ್ರತಿಯೊಬ್ಬ ನಿವಾಸಿಗೂ ಲಿಖಿತ ಆರೈಕೆ ಯೋಜನೆ, ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ, 15 ತಿಂಗಳೊಳಗೆ ಒಮ್ಮೆ ಮುನ್ಸೂಚನೆಯಿಲ್ಲದ ತಪಾಸಣೆ ಕಡ್ಡಾಯ. ಸಿಬ್ಬಂದಿಯ ಅನುಕೂಲಕ್ಕಾಗಿ ವೃದ್ಧರನ್ನು ಕಟ್ಟಿಹಾಕುವುದು, ಮದ್ದು ಕೊಟ್ಟು ಮಂಕುಗೊಳಿಸುವುದು ನಿಷಿದ್ಧ.

ದೇವರ ಸೇವಕರ ಮನೆಗೆ ಸರ್ಕಾರದ ತನಿಖೆ ಏಕೆಂದು ಕೇಳುವವರುಂಟು. ರೆಸಿಡೆನ್ಸಿಯ ದಿನಗಳಲ್ಲಿ ನಾವೂ ಹಾಗೆಯೇ ಯೋಚಿಸಿದ್ದೆವು. ಅಂಥ ತಪಾಸಣೆಗೆ ಒಳಪಡದ ಮಠವೊಂದರಿಂದ ವೃದ್ಧ ಭಗಿನಿಯೊಬ್ಬರು ಆಸ್ಪತ್ರೆಗೆ ಬಂದರು. ನೋವಿದೆಯೇ ಎಂದು ಎಷ್ಟು ಸಲ ಕೇಳಿದರೂ ಇಲ್ಲವೆಂದೇ ಉತ್ತರ. ಮಗ್ಗುಲಾಗಿಸಿ ನೋಡಿದರೆ ಬೆನ್ನಿನ ಕೆಳಗೆ ಆಳವಾದ ಹಾಸಿಗೆಹುಣ್ಣು! ನೋಡಿಕೊಳ್ಳುತ್ತಿದ್ದವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಅವರೂ ಎಪ್ಪತ್ತು ದಾಟಿದವರು. ರಾತ್ರಿ ಎರಡೆರಡು ತಾಸಿಗೊಮ್ಮೆ ಎದ್ದು ಮಗ್ಗುಲು ಬದಲಿಸುವ ಕಸುವು ಅವರಿಗೆಲ್ಲಿಯದು? ಸಹನೆಯೇ ವ್ರತವೆಂದು ಬಾಳಿದವರು ದೂರು ಹೇಳುವರೇ? ತನಗಾಗಿ ಏನನ್ನೂ ಕೇಳದವರ ಪರವಾಗಿ ಕೇಳುವುದೇ ಕಾನೂನಿನ ಕೆಲಸವೆಂದು ಅಂದು ನಮಗೆ ಮನವರಿಕೆಯಾಯಿತು.

ಹಾಗೆಂದು ಕಾನೂನು ಕುರುಡಾಗಬಾರದು. ಪ್ರಾರ್ಥನೆಯ ವೇಳೆ, ಮೌನ, ಒಡನಾಡಿಗಳ ಸಹವಾಸ ಇವರಿಗೆ ಔಷಧದಷ್ಟೇ ಅಗತ್ಯ. ನಿವಾಸಿಯ ಇಚ್ಛೆಯನ್ನು ಗೌರವಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಆದ್ದರಿಂದ ಇವೂ ಆರೈಕೆ ಯೋಜನೆಯಲ್ಲಿ ದಾಖಲಾಗಬೇಕು. ಪ್ರೀತಿಯಿಲ್ಲದ ಕಟ್ಟಳೆ ಒಣಕಲು. ಕಟ್ಟಳೆಯಿಲ್ಲದ ಪ್ರೀತಿಗೆ ಹುಣ್ಣು ಕಾಣದೆ ಹೋಗಬಹುದು.

ಬಂಧುಗಳೇ, ಊರಿನಲ್ಲಿರುವ ನಮ್ಮ ತಾಯಂದಿರೂ ದೂರವಾಣಿಯಲ್ಲಿ, "ನಾನು ಚೆನ್ನಾಗಿದ್ದೀನಪ್ಪ, ನೀನೇನೂ ಯೋಚನೆ ಮಾಡ್ಬೇಡ" ಎನ್ನುತ್ತಾರೆ. ಅದೂ ಒಂದು ವ್ರತವೇ. ಅಲ್ಲಿಗೆ ಯಾವ ತಪಾಸಣಾಧಿಕಾರಿಯೂ ಬರುವುದಿಲ್ಲ. ಆ ಮಾತನ್ನು ನಂಬಿ ನಿಶ್ಚಿಂತರಾಗದೆ, ಹತ್ತಿರ ಹೋಗಿ ಕಣ್ಣಾರೆ ನೋಡಿ ಬರುವ ಒಬ್ಬರನ್ನಾದರೂ ನಾವು ಗೊತ್ತುಮಾಡಿರಬೇಕು.